ಎಷ್ಟು ಘಾಟಿ ದಾಟ್ತೀರ? ಲೇಕ್ ಡಿಸ್ಟ್ರಿಕ್ಟಿನ ಸೈಕಲ್ ದಾರಿಗಳ ಬಗ್ಗೆ ಒಂದಿಷ್ಟು ಮಾತು

(ಹೋದ ತಿಂಗಳು ಸೈಕಲ್ ಗೆಳೆಯರ ಮುಂದೆ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದೀನಿ, ಮ್ಯಾಪ್ ತೋರಿಸ್ತಾ ಹೇಳಿದ್ದನ್ನ ಸ್ವಲ್ಪ ಬಿಡಿಸಿ ಬರೆದಿದ್ದೀನಿ, ಮಿಕ್ಕಿದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಮ್ಯಾಪ್ ನೋಡಿಬಿಡಿ, ಆಮೇಲೆ ಮಾತು. ಇದು ಇಂಗ್ಲೆಂಡಿನ ವಾಯವ್ಯ ಮೂಲೆ, ಕಂಬ್ರಿಯಾ. ನಡುವೆ ಹಸಿರಲ್ಲಿ ಕಾಣ್ತಿರೋದು ಲೇಕ್ ಡಿಸ್ಟ್ರಿಕ್ಟ್, 1951ರಲ್ಲಿ ನ್ಯಾಷನಲ್ ಪಾರ್ಕ್ ಆಗಿದ್ದು, 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, ವಿಸ್ತೀರ್ಣ 2,362 ಚದರ ಕಿಮೀ, ನಮ್ಮ ಎಷ್ಟೋ ಜಿಲ್ಲೆಗಳಿಗಿಂತ ಚಿಕ್ಕದು. ಈಗ ಇಲ್ಲಿ ಒಂದು ಬೆರಳು ಇಡ್ತೀನಿ, ಇದು ವಾಸ್ಡೇಲ್ ಹೆಡ್ ಅನ್ನೋ ಹಳ್ಳಿ. ಇಲ್ಲಿ ಇನ್ನೊಂದು ಬೆರಳು, ಇದು ಸೀಥ್ವೇಟ್. ಎರಡೂ ಬೆರಳ ನಡುವೆ ನೇರ ಅಳೆದ್ರೆ ಏಳು ಕಿಲೋಮೀಟರ್ ಕೂಡ ಇಲ್ಲ. ಸೈಕಲ್‌ನಲ್ಲಿ ರಸ್ತೆ ಹಿಡಿದು ಹೋಗ್ಬೇಕು ಅಂದ್ರೆ ಐವತ್ತು ಕಿಮೀ ದಾಟುತ್ತೆ! ಯಾಕಂದ್ರೆ ನಡುವೆ ಬೆಟ್ಟ, ಅದರ ಮೇಲೆ ಕಾಲುದಾರಿ ಮಾತ್ರ ಇದೆ, ರಸ್ತೆ ಇಲ್ಲ, ಪೂರ್ತಿ ಪಶ್ಚಿಮಕ್ಕೆ ಇಳಿದು ಸುತ್ತು ಹಾಕ್ಕೊಂಡು ಇನ್ನೊಂದು ಕಣಿವೆ ಬಾಯಿಂದ ಒಳಗೆ ಬರಬೇಕು.

ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ ಅಂತ ಇಟ್ಕೊಳ್ಳಿ. ಅಲ್ಲಿ ಸೈಕಲ್ ಹೊಡೆಯೋಕೆ ಹೋಗೋರು ಎಷ್ಟು ಕಿಲೋಮೀಟರ್ ಅಂತ ಆಮೇಲೆ ಕೇಳಿ, ಮೊದಲು ಎಷ್ಟು ಘಾಟಿ ದಾಟ್ತೀನಿ ಅಂತ ಕೇಳ್ಕೊಳ್ಳಿ.

ನೆಲದ ಕಥೆ ಸ್ವಲ್ಪ ಹೇಳ್ಬೇಕು, ಬೇಜಾರಾಗಬೇಡಿ, ರಸ್ತೆ ಅರ್ಥ ಆಗೋದೇ ಇದರಿಂದ. ಈ ಪ್ರದೇಶ ಒಂದು ಗುಮ್ಮಟದ ಥರ ಮೇಲೆದ್ದಿರೋ ನೆಲ, ನಡುವೆ ಎತ್ತರ, ಅಲ್ಲಿಂದ ಎಲ್ಲಾ ದಿಕ್ಕಿಗೂ ನೀರು ಹರಿದಿದೆ. ಹಿಮಯುಗದಲ್ಲಿ ಅದೇ ದಾರಿಗಳಲ್ಲಿ ಹಿಮನದಿಗಳು ಜರುಗಿ ಕಣಿವೆಗಳನ್ನ ಅಗಲವಾಗಿ, ಆಳವಾಗಿ ತೋಡಿಹಾಕಿದ್ವು. ಹಿಮ ಕರಗಿದ ಮೇಲೆ ಆ ತೋಡಿದ ಗುಂಡಿಗಳಲ್ಲಿ ನೀರು ನಿಂತಿದ್ದೇ ಈ ಸರೋವರಗಳು. ಅದಕ್ಕೇ ನೋಡಿ, ಎಲ್ಲಾ ಉದ್ದುದ್ದ, ಸಪೂರ. ವಿಂಡರ್‌ಮಿಯರ್ ಸುಮಾರು 17 ಕಿಮೀ ಉದ್ದ, ಇಂಗ್ಲೆಂಡಿನಲ್ಲೇ ಅತಿ ಉದ್ದದ್ದು. ವಾಸ್ಟ್‌ವಾಟರ್ 79 ಮೀಟರ್ ಆಳ, ಇಂಗ್ಲೆಂಡಿನಲ್ಲೇ ಅತಿ ಆಳದ್ದು. ನಾನು ಕೆರೆ ಅನ್ನದೆ ಸರೋವರ ಅಂತಿರೋದಕ್ಕೂ ಕಾರಣ ಇದೆ, ನಮ್ಮಲ್ಲಿ ಕೆರೆ ಅಂದ್ರೆ ಏರಿ, ತೂಬು, ಕೋಡಿ ಇರುತ್ತೆ, ಯಾರೋ ಕಟ್ಟಿಸಿರ್ತಾರೆ, ಇವು ಹಾಗಲ್ಲ. ಏರಿ ಇರೋ ಒಂದೆರಡು ಇವೆ, ಅದಕ್ಕೆ ಆಮೇಲೆ ಬರ್ತೀನಿ.

ಸೈಕಲ್ ಮೇಲೆ ಕೂತೋನಿಗೆ ಇದರಲ್ಲಿ ಏನಿದೆ ಅಂದ್ರೆ, ಒಂದೊಂದು ಕಣಿವೆಗೂ ಒಂದೊಂದು ಸರೋವರ, ಸರೋವರ ಯಾವಾಗ್ಲೂ ತಗ್ಗಲ್ಲೇ ಇರುತ್ತೆ, ಅಂದ್ಮೇಲೆ ಒಂದು ಸರೋವರ ನೋಡಿ ಇನ್ನೊಂದು ನೋಡಬೇಕು ಅಂದ್ರೆ ನಡುವೆ ಒಂದು ಬೆಟ್ಟದ ಹೆಗಲು ಹತ್ತಿ ಇಳಿಯಲೇಬೇಕು. ನೀರಿನ ಪಕ್ಕದ ರಸ್ತೆ ಆರಾಮ, ನೀರು ಬಿಟ್ಟು ತಿರುಗಿದ ತಕ್ಷಣ ಏರು. ಇನ್ನೊಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಬಟರ್‌ಮಿಯರ್ ಮತ್ತು ಕ್ರಮ್ಮಕ್ ವಾಟರ್ ಅಂತ ಪಕ್ಕಪಕ್ಕದಲ್ಲೇ ಎರಡು ಸರೋವರ ಇವೆ, ಒಂದು ಕಾಲದಲ್ಲಿ ಎರಡೂ ಒಂದೇ ಆಗಿತ್ತು, ಹಳ್ಳಗಳು ತಂದು ಸುರಿದ ಮಣ್ಣು ಕಲ್ಲು ನಡುವೆ ತುಂಬಿಕೊಂಡು ಎರಡಾಗಿ ಹೋಯ್ತು. ಡರ್ವೆಂಟ್‌ವಾಟರ್, ಬ್ಯಾಸನ್‌ಥ್ವೇಟ್ ಲೇಕ್ ಇವೆರಡರದ್ದೂ ಅದೇ ಕಥೆ. ಅಲ್ಲಿ ಕಾಲಿಗೆ ಸುಖ ಕೊಡೋ ಚಪ್ಪಟೆ ರಸ್ತೆ ಸಿಕ್ಕಿದ್ರೆ ಸುತ್ತ ಒಂದ್ಸಲ ಕಣ್ಣಾಡಿಸಿ, ಎಷ್ಟೋ ಕಡೆ ನೀವು ಹಳೇ ಸರೋವರದ ತಳದ ಮೇಲೆ ಪೆಡಲ್ ಮಾಡ್ತಾ ಇರ್ತೀರ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದ್ಕೋಬೇಡಿ. ಮೊದಲನೇ ಸಲ ಹೋದಾಗ ನಾನು, ನನ್ನ ತಮ್ಮ ಇಬ್ರೂ ಆಂಬಲ್‌ಸೈಡ್ ಅನ್ನೋ ಊರಲ್ಲಿ ಇಳ್ಕೊಂಡಿದ್ವಿ, ಬಾಡಿಗೆಗೆ ಎರಡು ರೋಡ್ ಬೈಕ್ ತಗೊಂಡ್ವಿ. ಫೋನ್‌ನಲ್ಲಿ ನೋಡಿದ್ರೆ ಎಸ್ಕ್‌ಡೇಲ್ ಕಣಿವೆಯ ಬೂಟ್ ಅನ್ನೋ ಹಳ್ಳಿ ಇಪ್ಪತ್ತೈದು ಕಿಮೀ ಆಸುಪಾಸು. "ಅಣ್ಣ, ಒಂದೂವರೆ ಗಂಟೆ ದಾರಿ, ಅಲ್ಲೇ ಊಟ ಮಾಡಿ ಮಧ್ಯಾಹ್ನ ವಾಪಸ್ ಬಂದುಬಿಡೋಣ" ಅಂದ ಅವನು, ನಾನೂ ಹೂಂ ಅಂದೆ. ಬೈಕ್ ಕೊಟ್ಟೋರು ಎಲ್ಲಿಗೆ ಹೋಗ್ತೀರ ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ, ಹಿಂದಿನ ಬ್ರೇಕ್ ಪ್ಯಾಡ್ ಸವೆದಿತ್ತು ಅನ್ನೋದು ನಮ್ಮ ಕಣ್ಣಿಗೂ ಬೀಳಲಿಲ್ಲ.

ಆ ದಾರೀಲಿ ಎರಡು ಘಾಟಿ, ಮೊದಲು ರೈನೋಸ್, ಆಮೇಲೆ ಹಾರ್ಡ್‌ನಾಟ್. ಎರಡೂ 393 ಮೀಟರ್. ಎತ್ತರ ಕೇಳಿದ್ರೆ ಏನೂ ಅನ್ನಿಸಲ್ಲ ಅಲ್ವಾ, ನಾವು ಸಾವಿರ ಮೀಟರ್ ಮೇಲಿನ ರಸ್ತೆಗಳನ್ನ ನೋಡಿದೋರು. ಆದ್ರೆ ನಮ್ಮ ಘಾಟಿ ರಸ್ತೆಗಳು ಬಸ್ಸು ಲಾರಿ ಹತ್ತಬೇಕು ಅಂತ ಬಳಸಿ ಬಳಸಿ ಕಟ್ಟಿರೋವು, ಈ ರಸ್ತೆಗಳು ಹಾಗಲ್ಲ, ಕುದುರೆ, ಜನ ಓಡಾಡ್ತಿದ್ದ ಜಾಡಿನ ಮೇಲೇ ಟಾರ್ ಹಾಕಿದ ಹಾಗಿವೆ. ಹಾರ್ಡ್‌ನಾಟ್‌ನ ಬುಡದಲ್ಲಿ ಬೋರ್ಡೇ ಇದೆ, 30 ಪರ್ಸೆಂಟ್ ಅಂತ. ನೂರು ಮೀಟರ್ ಮುಂದೆ ಹೋದ್ರೆ ಮೂವತ್ತು ಮೀಟರ್ ಮೇಲೆ. ರೈನೋಸ್ ಹೇಗೋ ಏದುಸಿರು ಬಿಡ್ತಾ ಹತ್ತಿದ್ವಿ, ಮೇಲೆ ಹಳೇ ಮೂರು ಕೌಂಟಿಗಳು, ಕಂಬರ್ಲೆಂಡ್, ವೆಸ್ಟ್‌ಮರ್ಲೆಂಡ್, ಲಂಕಾಷೈರ್, ಸೇರೋ ಜಾಗದ ಗಡಿಕಲ್ಲಿಗೆ ಒರಗಿ ಕೂತ್ವಿ. ಅಲ್ಲಿಂದ ಮುಂದೆ ಡಡನ್ ನದಿ ಹುಟ್ಟೋ ಕಣಿವೆಗೆ ಇಳಿಬೇಕು, ಹತ್ತಿದ್ದರಲ್ಲಿ ನೂರೈವತ್ತು ಮೀಟರ್‌ಗೂ ಹೆಚ್ಚು ವಾಪಸ್ ಕೊಟ್ಟು ಮತ್ತೆ ಸೊನ್ನೆಯಿಂದ ಶುರು ಮಾಡಿದ ಹಾಗೆ. ಕಾಕ್ಲಿ ಬೆಕ್ ಅನ್ನೋ ತೋಟದ ಮನೆ ಹತ್ರ ಸೇತುವೆ ದಾಟಿ ತಲೆ ಎತ್ತಿ ನೋಡ್ತೀವಿ, ಎದುರುಗಡೆ ಬೆಟ್ಟದ ಮೇಲೆ ರಸ್ತೆ, ಯಾರೋ ಗೋಡೆಗೆ ಹಗ್ಗ ನೇತುಹಾಕಿದ ಹಾಗೆ ಕಾಣ್ತಾ ಇತ್ತು. ತಮ್ಮ ಏನೂ ಮಾತಾಡಲಿಲ್ಲ.

ನಡೆದ್ವಿ. ಸೈಕಲ್ ತಳ್ಕೊಂಡು ನಡೆದ್ವಿ, ಶೂ ಕೆಳಗಿನ ಕ್ಲೀಟ್ ಟಾರ್ ಮೇಲೆ ಜಾರ್ತಾ ಇತ್ತು ಅಂತ ಪಕ್ಕದ ಹುಲ್ಲಲ್ಲಿ ಹೆಜ್ಜೆ ಇಟ್ವಿ. ಇಳಿಯೋವಾಗ ಇನ್ನೂ ಕಷ್ಟ, ತಿರುವಿನ ಒಳಮೈ ಎಷ್ಟು ಕಡಿದು ಅಂದ್ರೆ ಮುಂದಿನ ಚಕ್ರ ಎಲ್ಲಿಗೆ ಹೋಗ್ತಿದೆ ಅಂತ ಕಾಣೋದೇ ಇಲ್ಲ, ತಮ್ಮನ ಹಿಂದಿನ ಬ್ರೇಕ್ ಕಿರ್‍ರ್ ಅಂತ ಲೋಹ ಉಜ್ಜೋ ಸದ್ದು ಮಾಡೋಕೆ ಶುರುವಾಯ್ತು, ಇಬ್ರೂ ಇಳಿದು ಅಲ್ಲೂ ನಡೆದೇ ಹೋದ್ವಿ. ಊಟದ ಹೊತ್ತು ಮೀರಿ ಎಷ್ಟೋ ಹೊತ್ತಾದ ಮೇಲೆ ಬೂಟ್ ತಲುಪಿದ್ದು. ಅವತ್ತು ವಾಪಸ್ ಬರೋ ಮಾತೇ ಇರಲಿಲ್ಲ.

ಆದ್ರೆ ನಡೆದಿದ್ದಕ್ಕೇ ಒಂದು ಸಿಕ್ತು. ಇಳಿಜಾರಿನ ಅರ್ಧದಲ್ಲಿ ಬಲಗಡೆ ಹುಲ್ಲಿನ ಮೇಲೆ ಕಲ್ಲಿನ ಗೋಡೆಗಳು ಚೌಕಾಕಾರವಾಗಿ ನಿಂತಿವೆ, ರೋಮನ್ ಕೋಟೆ. ಎರಡನೇ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿ ಕಾಲದಲ್ಲಿ ಕಟ್ಟಿದ್ದು, ಇಲ್ಲಿ ಇದ್ದ ಸೈನಿಕರು ಡಾಲ್ಮೇಷಿಯಾದವರು, ಅಂದ್ರೆ ಈಗಿನ ಕ್ರೊಯೇಷಿಯಾ ಕಡೆಯ ಸಮುದ್ರ ತೀರದವರು. ಆ ಗೋಡೆ ಮೇಲೆ ಕೈ ಇಟ್ಟೆ, ತಣ್ಣಗಿತ್ತು, ಕಲ್ಲಿನ ಸಂದಿಯಲ್ಲಿ ಪಾಚಿ, ಕೆಳಗೆ ಪೂರ್ತಿ ಎಸ್ಕ್‌ಡೇಲ್ ಕಣಿವೆ, ಆಚೆ ತುದಿಗೆ ಸಮುದ್ರದ ಒಂದು ಗೆರೆ. ಬೆಚ್ಚಗಿನ ಕರಾವಳಿಯಿಂದ ಬಂದೋರು ಈ ಗಾಳಿಯಲ್ಲಿ ಚಳಿಗಾಲ ಹೇಗೆ ಕಳೆದ್ರೋ ಅಂತ ತಮ್ಮ ಕೇಳ್ದ. ಸೈಕಲ್ ಮೇಲೆ ಬ್ರೇಕ್ ಹಿಡ್ಕೊಂಡು ರಸ್ತೆ ನೋಡ್ತಾ ಇಳಿದಿದ್ರೆ ಆ ಕೋಟೆ ನಮ್ಮ ಪಾಲಿಗೆ ಇರ್ತಾನೇ ಇರಲಿಲ್ಲ. ನಡೆಯೋದು ಸೋಲು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

ಈಗ ಗೇರ್ ಲೆಕ್ಕ, ಇದನ್ನ ದಯವಿಟ್ಟು ಬರ್ಕೊಳ್ಳಿ. ನೀವು, ಸೈಕಲ್, ನೀರು ಎಲ್ಲಾ ಸೇರಿ 85 ಕೆಜಿ ಅಂತಿಟ್ಕೊಳ್ಳಿ. 25 ಪರ್ಸೆಂಟ್ ಏರಿನಲ್ಲಿ ಗಂಟೆಗೆ 5 ಕಿಮೀ, ಅಂದ್ರೆ ನಡೆಯೋ ಸ್ಪೀಡಲ್ಲಿ ಹೋಗೋಕೂ ಮೇಲಕ್ಕೆ ಎತ್ತೋ ಕೆಲಸಕ್ಕೇ ಸುಮಾರು 280 ವಾಟ್ ಬೇಕು. ಚೈನ್ ಸುತ್ತೋ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಹಲ್ಲು ಇರೋ ಸೈಕಲ್‌ನಲ್ಲಿ ನಿಮಿಷಕ್ಕೆ 40 ಸುತ್ತು ಪೆಡಲ್ ತಿರುಗಿಸಿದ್ರೆ ಸ್ಪೀಡು 6 ಕಿಮೀ ದಾಟುತ್ತೆ, ಆಗ 340 ವಾಟ್ ಕೇಳುತ್ತೆ. 40ಕ್ಕಿಂತ ನಿಧಾನ ತಿರುಗಿಸೋಕೆ ಹೋದ್ರೆ ಮಂಡಿ ಹೋಗುತ್ತೆ, ಬ್ಯಾಲೆನ್ಸೂ ತಪ್ಪುತ್ತೆ. ಅದೇ ಹಿಂದೆ 34 ಹಲ್ಲು ಹಾಕಿಸಿದ್ರೆ ಅದೇ 40 ಸುತ್ತಿಗೆ 5 ಕಿಮೀ, 280 ವಾಟ್. ಆ ಅರವತ್ತು ವಾಟ್ ವ್ಯತ್ಯಾಸವೇ ಹತ್ತೋದಕ್ಕೂ ಇಳಿದು ತಳ್ಳೋದಕ್ಕೂ ಇರೋ ವ್ಯತ್ಯಾಸ. ಇನ್ನೂ ದೊಡ್ಡದು ಸಿಕ್ಕಿದ್ರೆ ಹಾಕಿಸ್ಕೊಳ್ಳಿ, ನಾಚಿಕೆ ಬೇಡ. ಕಡಿದಾದ ಕಡೆ ಸೀಟಿನ ಮುಂದಿನ ತುದಿಗೆ ಜರುಗಿ ಎದೆ ಬಗ್ಗಿಸಿ, ಇಲ್ಲಾಂದ್ರೆ ಮುಂದಿನ ಚಕ್ರ ಮೇಲೇಳುತ್ತೆ. ಎದ್ದು ನಿಂತು ತುಳಿದ್ರೆ ಒದ್ದೆ ರಸ್ತೇಲಿ ಹಿಂದಿನ ಚಕ್ರ ಜಾರುತ್ತೆ.

ಮ್ಯಾಪ್ ಬಗ್ಗೆನೂ ಒಂದು ಮಾತು. ಅಲ್ಲಿನ ಆರ್ಡ್‌ನೆನ್ಸ್ ಸರ್ವೆ ಅನ್ನೋ ಸಂಸ್ಥೆಯ ಕಾಗದದ ಮ್ಯಾಪ್‌ನಲ್ಲಿ ರಸ್ತೆ ಮೇಲೆ ಸಣ್ಣ ಬಾಣದ ಗುರುತು ಇರುತ್ತೆ. ಒಂದು ಬಾಣ ಇದ್ರೆ 14ರಿಂದ 20 ಪರ್ಸೆಂಟ್, ಎರಡು ಬಾಣ ಇದ್ರೆ 20ಕ್ಕೂ ಮೇಲೆ, ಬಾಣದ ಮೂತಿ ಇಳಿಜಾರಿನ ಕಡೆಗೆ. ಫೋನ್ ಆ್ಯಪ್ ತೋರಿಸೋ ಒಟ್ಟು ಏರಿಕೆ ನೋಡಿ ಮೋಸ ಹೋಗಬೇಡಿ, 300 ಮೀಟರ್ ಏರಿಕೆ ಹದಿನೈದು ಕಿಮೀ ಉದ್ದಕ್ಕೂ ಹರಡಿದೆಯೋ ಎರಡೇ ಕಿಮೀನಲ್ಲಿ ನಿಂತಿದೆಯೋ ಅನ್ನೋದನ್ನ ಆ ಬಾಣಗಳೇ ಹೇಳೋದು. ನಾನೀಗ ಹಿಂದಿನ ರಾತ್ರಿ ಬೆರಳಿಟ್ಟು ಎರಡು ಬಾಣ ಎಷ್ಟಿವೆ ಅಂತ ಎಣಿಸದೆ ಹೊರಡಲ್ಲ.

ಸರಿ, ದಾರಿಗಳು. ಹೋದ ಮೊದಲ ದಿನಕ್ಕೆ ನಾನು ಹೇಳೋದು ವಿಂಡರ್‌ಮಿಯರ್ ದಾಟೋ ಫೆರಿ. ಕೇಬಲ್ ಹಿಡಿದು ಎಳ್ಕೊಂಡು ಹೋಗೋ ದೋಣಿ ಅದು, ಕಾರುಗಳ ಜೊತೆ ಸೈಕಲ್ಲೂ ಹತ್ತಿಸ್ತಾರೆ, ಹತ್ತು ನಿಮಿಷದ ಹಾದಿ. ಆ ದಡ ಇಳಿದ್ರೆ ಹಾಕ್ಸ್‌ಹೆಡ್ ಊರು, ಅಲ್ಲಿಂದ ಒಂದು ಗುಡ್ಡ ಹಾದು ಕಾನಿಸ್ಟನ್ ವಾಟರ್. ಮುಖ್ಯ ರಸ್ತೆ ಸರೋವರದ ಪಶ್ಚಿಮಕ್ಕಿದೆ, ನೀವು ಪೂರ್ವ ದಡದ್ದು ಹಿಡೀರಿ, ಮರಗಳ ಕೆಳಗೆ, ಒಂದೇ ಕಾರು ಹಿಡಿಯೋ ಅಗಲ, ಎಡಗಡೆ ಕಾಡು, ಬಲಗಡೆ ಎಲೆಗಳ ಸಂದಿಯಲ್ಲಿ ನೀರು. ಡೊನಾಲ್ಡ್ ಕ್ಯಾಂಪ್‌ಬೆಲ್ ನೀರಿನ ಮೇಲಿನ ವೇಗದ ದಾಖಲೆ ಮುರಿಯೋಕೆ ಹೋಗಿ 1967ರ ಜನವರಿ 4ರಂದು ಜೀವ ಬಿಟ್ಟಿದ್ದು ಇದೇ ನೀರಲ್ಲಿ. ಈಗ ಅಷ್ಟು ನಿಶ್ಶಬ್ದ ಅಂದ್ರೆ ನಿಮ್ಮ ಚೈನಿನ ಸದ್ದು ನಿಮಗೇ ಕೇಳ್ಸುತ್ತೆ. ವಾಪಸ್ ಬರೋಕೆ ಗ್ರೈಸ್‌ಡೇಲ್ ಕಾಡಿನ ದಾರಿ ಇದೆ.

ಎರಡನೇ ದಾರಿ, ನನ್ನ ಕೇಳಿದ್ರೆ ಇಡೀ ಲೇಕ್ ಡಿಸ್ಟ್ರಿಕ್ಟಿಗೆ ಕಿರೀಟ. ಕೆಸಿಕ್ ಊರಿಂದ ಹೊರಟು ಅಲ್ಲಿಗೇ ಬರೋ ಸುತ್ತು, 45 ಕಿಮೀ ಆಸುಪಾಸು. ಡರ್ವೆಂಟ್‌ವಾಟರ್ ಪೂರ್ವ ದಡದಲ್ಲಿ ಶುರು, ಬಾರೋಡೇಲ್ ಕಣಿವೆ ಒಳಗೆ ಹೋಗ್ತಾ ಹೋಗ್ತಾ ಎರಡೂ ಕಡೆ ಬೆಟ್ಟ ಹತ್ತಿರ ಬರುತ್ತೆ, ಸೀಟಾಲರ್ ಹಳ್ಳಿ ಮುಗೀತಿದ್ದ ಹಾಗೆ ಹಾನಿಸ್ಟರ್ ಏರು. ಎರಡು ಚಿಲ್ಲರೆ ಕಿಮೀನಲ್ಲಿ ಸುಮಾರು 240 ಮೀಟರ್, ಕಡಿದಾದ ಜಾಗದಲ್ಲಿ 25 ಪರ್ಸೆಂಟ್, ಮತ್ತು ಆ ಕಡಿದಾದದ್ದು ಶುರುವಲ್ಲೇ ಇದೆ. ಇದು ಗೊತ್ತಿದ್ರೆ ಅರ್ಧ ಗೆದ್ದ ಹಾಗೆ, ಯಾಕಂದ್ರೆ ಗೊತ್ತಿಲ್ಲದೋರು ಮೇಲೆ ಇನ್ನೇನು ಕಾದಿದೆಯೋ ಅಂತ ಹೆದರಿ ಅಲ್ಲೇ ಇಳಿದುಬಿಡ್ತಾರೆ, ಆ ಮೊದಲ ತುಂಡು ತಡ್ಕೊಂಡ್ರೆ ಮುಂದೆ ಉಸಿರಾಡೋಕೆ ಜಾಗ ಸಿಗುತ್ತೆ. ಮೇಲೆ 356 ಮೀಟರ್‌ನಲ್ಲಿ ಸ್ಲೇಟ್ ಗಣಿ ಇದೆ, ಹಸಿರು ಛಾಯೆಯ ಕಲ್ಲು, ಒದ್ದೆಯಾದ್ರೆ ಆ ಹಸಿರು ಇನ್ನೂ ಗಾಢ ಆಗುತ್ತೆ. ಆಚೆ ಇಳಿಜಾರು ಹಳ್ಳದ ಪಕ್ಕದಲ್ಲೇ ಇಳಿಯುತ್ತೆ, ರಸ್ತೆಗೆ ತಾಗಿಕೊಂಡೇ ಆನೆ ಗಾತ್ರದ ಬಂಡೆಗಳು, ಇದ್ದಕ್ಕಿದ್ದ ಹಾಗೆ ಬಾಗಿಲು ತೆಗೆದಂಗೆ ಬಟರ್‌ಮಿಯರ್ ಕಾಣ್ಸುತ್ತೆ. ನಾನು ಅಲ್ಲಿ ಪ್ರತಿ ಸಲ ನಿಂತ್ಕೋತೀನಿ, ಸ್ಪೀಡ್ ಹೋದ್ರೆ ಹೋಗ್ಲಿ.

ಬಟರ್‌ಮಿಯರ್ ಊರಿನ ಚರ್ಚ್ ಹತ್ರ ಎರಡು ದಾರಿ. ಬಲಕ್ಕೆ ಹೋದ್ರೆ ನ್ಯೂಲ್ಯಾಂಡ್ಸ್, 333 ಮೀಟರ್, ಮತ್ತೆ 25 ಪರ್ಸೆಂಟ್. ನೇರ ಕ್ರಮ್ಮಕ್ ವಾಟರ್ ದಡ ಹಿಡಿದು ಲಾರ್ಟನ್ ಕಡೆ ಹೋದ್ರೆ ವಿನ್‌ಲ್ಯಾಟರ್, 318 ಮೀಟರ್, ಕಾಡಿನ ನಡುವೆ, ಸ್ವಲ್ಪ ಕರುಣೆ ಇರೋ ಏರು. ನಾನು ಹೇಳಿದ 45 ಕಿಮೀ ವಿನ್‌ಲ್ಯಾಟರ್ ಲೆಕ್ಕ. ಕಾಲು ಗಟ್ಟಿ ಇದ್ರೆ ನ್ಯೂಲ್ಯಾಂಡ್ಸ್, ಅದು ಬೋಳು ಬೆಟ್ಟ, ಗಾಳಿ ಬಿಟ್ರೆ ಯಾರೂ ಇಲ್ಲ.

ಉಲ್ಸ್‌ವಾಟರ್ ಕಡೆಯದು ಬೇಗ ಹೇಳ್ತೀನಿ. ಪೂಲಿ ಬ್ರಿಡ್ಜ್ ಇಂದ ಹೊರಟು ಸರೋವರದ ಉದ್ದಕ್ಕೂ ಬಂದು ಪ್ಯಾಟರ್‌ಡೇಲ್ ದಾಟಿ ಕರ್ಕ್‌ಸ್ಟೋನ್ ಘಾಟಿ, 454 ಮೀಟರ್. ಆಚೆ ಆಂಬಲ್‌ಸೈಡ್‌ಗೆ ನೇರ ಇಳಿಯೋ ಸಣ್ಣ ರಸ್ತೆಗೆ ಅಲ್ಲಿಯವರು ಇಟ್ಟಿರೋ ಹೆಸರೇ ಸ್ಟ್ರಗಲ್, ಒದ್ದಾಟ ಅಂತ! ಹತ್ತೋರು ಇಟ್ಟ ಹೆಸರು. ನೀವು ಇಳಿಯೋರಾದ್ರೆ ಬ್ರೇಕ್ ಒಂದೇ ಸಮ ಹಿಡಿದಿಟ್ಕೋಬೇಡಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು, ರಿಮ್ ತಣ್ಣಗಾಗೋಕೆ ಪುರುಸೊತ್ತು ಕೊಡಿ. ಈ ದಾರೀಲಿ ಬೇಸಿಗೆ ವಾರಾಂತ್ಯಗಳಲ್ಲಿ ಕಾರು ಜಾಸ್ತಿ, ಬೆಳಿಗ್ಗೆ ಬೇಗ ಮುಗಿಸಿಬಿಡಿ.

ಏರಿ ಇರೋ ಸರೋವರ ಅಂದ್ನಲ್ಲ, ಅದು ಥರ್ಲ್‌ಮಿಯರ್. ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯೋ ನೀರು ಬೇಕು ಅಂತ ಇಲ್ಲಿ ಅಣೆಕಟ್ಟು ಕಟ್ಟಿ ಇದ್ದ ಸರೋವರವನ್ನೇ ಎತ್ತರಿಸಿದ್ರು, 1894ರಲ್ಲಿ ನೀರು ಮ್ಯಾಂಚೆಸ್ಟರ್ ಮುಟ್ತು, ಸುಮಾರು 150 ಕಿಮೀ ದೂರ, ಪಂಪ್ ಇಲ್ಲದೆ ಬರೀ ಇಳಿಜಾರಿನ ಬಲದಲ್ಲಿ. ದಡದಲ್ಲಿದ್ದ ಮನೆಗಳು ನೀರಿನ ಕೆಳಗೆ ಹೋದ್ವು. ಪೂರ್ವಕ್ಕಿರೋ ಎ591 ವಾಹನಗಳ ರಸ್ತೆ. ಪಶ್ಚಿಮ ದಡದ ಸಣ್ಣ ರಸ್ತೆ ಸೈಕಲ್‌ಗೆ ಹೇಳಿ ಮಾಡಿಸಿದ್ದು, ಆದ್ರೆ ಮರ ಬಂಡೆ ಬಿದ್ದು ಮುಚ್ಚಿರೋದುಂಟು, ಹೊರಡೋ ಮುಂಚೆ ಊರಲ್ಲಿ ವಿಚಾರಿಸಿ.

ಮಳೆ. ಇದನ್ನ ಬಿಟ್ಟು ಅಲ್ಲಿನ ಮಾತೇ ಇಲ್ಲ. ನಾನು ಶುರುವಲ್ಲಿ ಬೆರಳಿಟ್ಟ ಸೀಥ್ವೇಟ್ ಇದ್ಯಲ್ಲ, ಜನ ವಾಸ ಮಾಡೋ ಊರುಗಳಲ್ಲಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗ ಅದು, ವರ್ಷಕ್ಕೆ 3,300 ಮಿಮೀ ಆಸುಪಾಸು. ಅದೇ ಕಣಿವೆ ಬಾಯಲ್ಲಿರೋ ಕೆಸಿಕ್‌ಗೆ ಅದರ ಅರ್ಧಕ್ಕೂ ಕಮ್ಮಿ. ಮಲೆನಾಡು ಕಂಡೋರಿಗೆ ಆ ಅಂಕಿ ದೊಡ್ಡದಲ್ಲ, ಆದ್ರೆ ನಮ್ಮ ಮಳೆಗೆ ಒಂದು ಕಾಲ ಇದೆ, ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ, ಮತ್ತು ತಣ್ಣಗೆ. ಬೆವರಿನಲ್ಲಿ ಹತ್ತಿ ಮಳೆಯಲ್ಲಿ ಇಳಿದ್ರೆ ಹತ್ತೇ ನಿಮಿಷಕ್ಕೆ ಕೈಬೆರಳು ಬ್ರೇಕ್ ಒತ್ತದ ಹಾಗೆ ಮರಗಟ್ಟುತ್ತೆ, ಜುಲೈನಲ್ಲೂ. ಮಳೆ ಜಾಕೆಟ್ಟು, ಪೂರ್ತಿ ಬೆರಳಿನ ಗ್ಲೌಸು ಇವೆರಡೂ ಜೇಬಲ್ಲಿ ಇರಲೇಬೇಕು.

2015ರ ಡಿಸೆಂಬರ್ 5ಕ್ಕೆ ಮುಗಿದ ಇಪ್ಪತ್ನಾಲ್ಕು ಗಂಟೆಯಲ್ಲಿ ಹಾನಿಸ್ಟರ್ ಘಾಟಿಯಲ್ಲಿ 341.4 ಮಿಮೀ ಬಿತ್ತು, ಬ್ರಿಟನ್ನಿನ ದಾಖಲೆ. ಆ ಬಿರುಗಾಳಿಗೆ ಡೆಸ್ಮಂಡ್ ಅಂತ ಹೆಸರು. ಪೂಲಿ ಬ್ರಿಡ್ಜ್ ಊರಿನ ಹಳೇ ಕಲ್ಲಿನ ಸೇತುವೆ ಕೊಚ್ಚಿಹೋಯ್ತು, ಈಗಿರೋದು 2020ರಲ್ಲಿ ತೆರೆದ ಸ್ಟೇನ್‌ಲೆಸ್ ಸ್ಟೀಲ್ ಸೇತುವೆ. ಕೆಸಿಕ್‌ನಿಂದ ಥ್ರೆಲ್ಕೆಲ್ಡ್‌ಗೆ ಒಂದು ಹಳೇ ರೈಲು ದಾರಿ ಇತ್ತು, 1972ರಲ್ಲಿ ರೈಲು ನಿಂತಿತ್ತು, ಹಳಿ ತೆಗೆದು ನಡೆಯೋರಿಗೆ, ಸೈಕಲ್‌ನವರಿಗೆ ದಾರಿ ಮಾಡಿದ್ರು, ಗ್ರೇಟಾ ಹೊಳೆಯನ್ನ ಮತ್ತೆ ಮತ್ತೆ ದಾಟೋ ಐದು ಕಿಮೀ ಚಂದದ ಹಾದಿ. ಡೆಸ್ಮಂಡ್ ಅದರ ಸೇತುವೆಗಳಲ್ಲಿ ಎರಡನ್ನ ತಗೊಂಡು ಹೋಯ್ತು. ಪೂರ್ತಿ ಸರಿ ಮಾಡಿ ಮತ್ತೆ ತೆರೆದಿದ್ದು 2020ರ ಡಿಸೆಂಬರ್‌ನಲ್ಲಿ, ಐದು ವರ್ಷ ಹಿಡೀತು. ರೈಲಿಗೆ ಅಂತ ಕಟ್ಟಿದ್ದು ಅಲ್ವಾ, ಏರು ಅನ್ನೋದೇ ಗೊತ್ತಾಗಲ್ಲ, ಮಕ್ಕಳು, ವಯಸ್ಸಾದೋರು ಎಲ್ಲರೂ ಬರ್ತಾರೆ. ನಮ್ಮಮ್ಮನ್ನ ಕರ್ಕೊಂಡು ಹೋದ್ರೆ ನಾನು ಮೊದಲು ಇಲ್ಲಿಗೇ ಕರ್ಕೊಂಡು ಹೋಗೋದು.

ಇದೇ ಹಾದಿ ಸಿ2ಸಿ, ಅಂದ್ರೆ ಸಮುದ್ರದಿಂದ ಸಮುದ್ರಕ್ಕೆ, ಅನ್ನೋ ದೊಡ್ಡ ಸೈಕಲ್ ದಾರಿಯ ಒಂದು ತುಂಡು. ಪಶ್ಚಿಮದ ವೈಟ್‌ಹೇವನ್ ಅಥವಾ ವರ್ಕಿಂಗ್‌ಟನ್ ಬಂದರಿಂದ ಪೂರ್ವದ ಸಂಡರ್‌ಲೆಂಡ್ ಅಥವಾ ಟೈನ್‌ಮೌತ್ ತನಕ, 225 ಕಿಮೀ ಆಸುಪಾಸು, 1994ರಲ್ಲಿ ಶುರುವಾಗಿದ್ದು. ಹೊರಡೋವಾಗ ಐರಿಷ್ ಸಮುದ್ರದಲ್ಲಿ ಹಿಂದಿನ ಚಕ್ರ ಅದ್ದಿ, ಮುಗಿಸೋವಾಗ ಉತ್ತರ ಸಮುದ್ರದಲ್ಲಿ ಮುಂದಿನ ಚಕ್ರ ಅದ್ದೋದು ಸಂಪ್ರದಾಯ. ಎಲ್ಲರೂ ಪಶ್ಚಿಮದಿಂದ ಪೂರ್ವಕ್ಕೇ ಹೋಗ್ತಾರೆ ಯಾಕಂದ್ರೆ ಗಾಳಿ ಹೆಚ್ಚಾಗಿ ಆ ಕಡೆಯಿಂದ ಬೀಸುತ್ತೆ, ಬೆನ್ನಿಗೆ ಗಾಳಿ ಇದ್ರೆ ಅರ್ಧ ಆಳು ಜೊತೆಗಿದ್ದ ಹಾಗೆ.

ರಸ್ತೆ ಹೇಗಿರುತ್ತೆ ಅಂತ ಒಬ್ರು ಚೀಟಿ ಕಳಿಸಿದ್ದಾರೆ. ಎರಡೂ ಕಡೆ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ, ಎದೆಮಟ್ಟ, ನಡುವೆ ಒಂದು ಕಾರಿನ ಅಗಲ, ಅಲ್ಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡೋಕೆ ಜಾಗ. ನಮ್ಮ ಹಾಗೇ ಎಡಗಡೆ ಓಡಿಸೋ ದೇಶ, ಅದೊಂದು ಅನುಕೂಲ. 2022ರಿಂದ ಅಲ್ಲಿನ ಹೈವೇ ಕೋಡ್‌ನಲ್ಲಿ ಸೈಕಲ್ ಹಿಂದೆ ಹಾಕೋ ವಾಹನ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಅಂತ ಇದೆ, ಈ ಗೋಡೆ ರಸ್ತೆಗಳಲ್ಲಿ ಅಷ್ಟು ಜಾಗವೇ ಇಲ್ಲ, ಹಾಗಾಗಿ ಕಾರಿನವರು ಹಿಂದೆ ಕಾಯ್ತಾರೆ, ಜಾಗ ಸಿಕ್ಕಾಗ ನೀವೂ ನಿಂತು ಬಿಟ್ಟುಕೊಡಿ, ಕೈ ಎತ್ತಿ ಹೋಗ್ತಾರೆ.

ಇನ್ನು ಕ್ಯಾಟಲ್ ಗ್ರಿಡ್. ಕುರಿ ದನ ದಾಟದಿರಲಿ ಅಂತ ರಸ್ತೆಗೆ ಅಡ್ಡ ಗುಂಡಿ ತೋಡಿ ಮೇಲೆ ಕಬ್ಬಿಣದ ಪೈಪುಗಳನ್ನ ಸಾಲಾಗಿ ಹಾಕಿರ್ತಾರೆ. ಒದ್ದೆಯಾದ್ರೆ ಸೋಪು. ನೇರವಾಗಿ ಹೋಗಿ, ಅದರ ಮೇಲಿರೋವಾಗ ಬ್ರೇಕ್ ಬೇಡ, ಹ್ಯಾಂಡಲ್ ತಿರುಗಿಸೋದು ಬೇಡ, ಪೆಡಲ್ ತುಳಿಯೋದೂ ಬೇಡ, ಸೀಟಿಂದ ಒಂದಂಗುಲ ಎದ್ದು ತೇಲಿಸ್ಕೊಂಡು ದಾಟಿ.

ಗ್ರಿಡ್ ದಾಟಿದ್ರಿ ಅಂದ್ರೆ ಗೋಡೆ ಮುಗೀತು, ಕುರಿಗಳ ರಾಜ್ಯ ಶುರು. ಹರ್ಡ್‌ವಿಕ್ ಅಂತ ಅಲ್ಲಿನ ತಳಿ, ಹುಟ್ಟಿದಾಗ ಮರಿ ಕಪ್ಪಗೆ, ಬೆಳೀತಾ ಬೆಳೀತಾ ಮೈ ಬೂದು, ಮುಖ ಬಿಳಿ. ಬೇಲಿ ಇಲ್ಲದ ಬೆಟ್ಟದ ಮೇಲೆ ಬಿಟ್ಟಿರ್ತಾರೆ, ತನ್ನ ಜಾಗ ಎಲ್ಲಿ ತನಕ ಅಂತ ತಾಯಿ ಕುರಿಗೆ ಗೊತ್ತು, ಮರಿ ಅವಳ ಹಿಂದೆ ತಿರುಗ್ತಾ ಕಲೀತದೆ, ತಲೆಮಾರಿಂದ ತಲೆಮಾರಿಗೆ ಆ ಗಡಿ ಹಾಗೇ ಬರ್ತಾ ಇದೆ. ಒಂದ್ಸಲ ನ್ಯೂಲ್ಯಾಂಡ್ಸ್ ಇಳೀತಿದ್ದೆ, ಎಡಗಡೆ ಒಂದು ಕುರಿ, ನನ್ನ ಕಡೆ ನೋಡೋದೂ ಇಲ್ಲ, ಮೇಯ್ತಾ ಇದೆ. ಬಲಗಡೆ ಜರಿಗಿಡದ ಪೊದೆಯಿಂದ ಕಪ್ಪು ಕಿವಿ ಎರಡು ಕಾಣಿಸ್ತು. ಅಷ್ಟು ಹೊತ್ತಿಗೆ ಕಲಿತಿದ್ದೆ, ಪೂರ್ತಿ ನಿಲ್ಲಿಸಿದೆ. ನಿಂತ ತಕ್ಷಣ ಆ ಮರಿ ನನ್ನ ಮುಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ಚಂಗನೆ ಹಾರಿ ತಾಯಿ ಹೊಟ್ಟೆ ಕೆಳಗೆ ನುಗ್ಗಿ ಹಾಲಿಗೆ ಗುದ್ದೋಕೆ ಶುರು ಮಾಡ್ತು, ಬಾಲ ಪಟಪಟ ಅಂತ. ತಾಯಿ ಒಂದು ಕಡೆ ಮರಿ ಇನ್ನೊಂದು ಕಡೆ ಇದ್ರೆ ಮರಿ ದಾಟೇ ದಾಟುತ್ತೆ, ಅದೂ ನೀವು ಹತ್ರ ಬಂದ ಕ್ಷಣದಲ್ಲೇ. ಏಪ್ರಿಲ್, ಮೇನಲ್ಲಿ ಹೋಗೋರು ಇದನ್ನ ಮರೀಬೇಡಿ.

ಫ್ರೆಡ್ ವಿಟನ್ ಬಗ್ಗೆ ಹೇಳಿ ಅಂತ ಹಿಂದಿನ ಸಾಲಿಂದ ಕೇಳಿದ್ರು. ಫ್ರೆಡ್ ವಿಟನ್ ಅಲ್ಲಿನ ಲೇಕ್ಸ್ ರೋಡ್ ಕ್ಲಬ್‌ನ ರೇಸಿಂಗ್ ಕಾರ್ಯದರ್ಶಿ ಆಗಿದ್ರು, 1998ರಲ್ಲಿ 50ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರ್ಕೊಂಡ್ರು. ಅವರ ನೆನಪಿಗೆ 1999ರಲ್ಲಿ ಗೆಳೆಯರು ಶುರು ಮಾಡಿದ ಸವಾರಿ, ಸುಮಾರು 180 ಕಿಮೀ, ಮೇ ತಿಂಗಳಲ್ಲಿ, ಬರೋ ಹಣ ಧರ್ಮಕಾರ್ಯಕ್ಕೆ. ಕರ್ಕ್‌ಸ್ಟೋನ್, ಹಾನಿಸ್ಟರ್, ನ್ಯೂಲ್ಯಾಂಡ್ಸ್, ವಿನ್‌ಲ್ಯಾಟರ್ ಎಲ್ಲಾ ಒಂದೇ ದಿನ, ಆಮೇಲೆ ನೂರೈವತ್ತು ಕಿಮೀ ದಾಟಿದ ಕಾಲಲ್ಲಿ ಹಾರ್ಡ್‌ನಾಟ್, ಅದರ ಹಿಂದೆಯೇ ರೈನೋಸ್. ನಾನು ಅದನ್ನ ಮಾಡಿಲ್ಲ. ಒಂದು ವರ್ಷ ಹಾರ್ಡ್‌ನಾಟ್‌ನ ತಿರುವಲ್ಲಿ ನಿಂತು ನೋಡಿದೀನಿ, ನೂರಾರು ಜನ ತಳ್ಕೊಂಡು ಬರ್ತಿದ್ರು, ನಿಂತ ಜನ ಅವರಿಗೂ ಹತ್ತೋರಿಗೂ ಒಂದೇ ಥರ ಚಪ್ಪಾಳೆ ಹೊಡೀತಿದ್ರು.

ಯಾವಾಗ ಹೋಗ್ಬೇಕು ಅನ್ನೋರಿಗೆ, ಮೇ ಕೊನೆ, ಜೂನ್. ಜೂನ್ ಮಧ್ಯದಲ್ಲಿ ಬೆಳಿಗ್ಗೆ ಐದಕ್ಕೆ ಮುಂಚೆ ಸೂರ್ಯ ಬರ್ತಾನೆ, ಮುಳುಗೋದು ರಾತ್ರಿ ಒಂಬತ್ತೂವರೆ ಮೇಲೆ. ಸೆಪ್ಟೆಂಬರ್ ಕೂಡ ಒಳ್ಳೇದು, ಶಾಲೆ ಶುರುವಾಗಿ ಕಾರುಗಳು ಕಮ್ಮಿ. ರೈಲಲ್ಲಿ ಬರೋರಿಗೆ ಪೆನ್ರಿತ್ ಇದೆ, ಇಲ್ಲಾ ಆಕ್ಸನ್‌ಹೋಮ್‌ನಲ್ಲಿ ಬದಲಾಯಿಸಿ ವಿಂಡರ್‌ಮಿಯರ್, ದೂರದ ರೈಲುಗಳಲ್ಲಿ ಸೈಕಲ್‌ಗೂ ಮುಂಚೆನೇ ಜಾಗ ಕಾಯ್ದಿರಿಸ್ಬೇಕು.

ಕೊನೇದಾಗಿ ವಾಸ್ಡೇಲ್, ಶುರುವಲ್ಲಿ ಬೆರಳಿಟ್ಟ ಜಾಗ. ಅಲ್ಲಿಗೆ ಯಾಕೆ ಹೋಗ್ಬೇಕು, ಮುಂದೆ ದಾರಿನೇ ಇಲ್ವಲ್ಲ ಅಂತಾರೆ. ಗಾಸ್‌ಫೋರ್ತ್ ಹಳ್ಳಿಯಿಂದ ಒಳಗೆ ಹೋಗಿ, ಘಾಟಿ ಇಲ್ಲ, ವಾಸ್ಟ್‌ವಾಟರ್ ದಡದಲ್ಲಿ ರಸ್ತೆ ಸಣ್ಣಗೆ ಏಳ್ತಾ ಬೀಳ್ತಾ ಹೋಗುತ್ತೆ, ಆಚೆ ದಡದಲ್ಲಿ ಬೆಟ್ಟ ಪುಡಿಯಾಗಿ ಕಲ್ಲಿನ ರಾಶಿ ನೇರ ನೀರಿಗೆ ಇಳಿದಿದೆ, ಎದುರಿಗೆ ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್, 978 ಮೀಟರ್. ಕಣಿವೆ ತುದೀಲಿ ರಸ್ತೆ ನಿಂತುಹೋಗುತ್ತೆ. ಮುಂದೆ ಹೋಗೋಕೆ ಎಲ್ಲೂ ಇಲ್ಲ ಅಂತ ಹಾದುಹೋಗೋ ವಾಹನವೇ ಬರಲ್ಲ, ಬಂದೋರೆಲ್ಲ ಅಲ್ಲಿಗೇ ಅಂತ ಬಂದೋರು. ಹಾಸ್‌ವಾಟರ್ ರಸ್ತೆಯೂ ಹೀಗೇ, ಉಲ್ಸ್‌ವಾಟರ್ ಪೂರ್ವದ ಮಾರ್ಟಿನ್‌ಡೇಲ್ ರಸ್ತೆಯೂ ಹೀಗೇ. ಹೋದ ವರ್ಷ ನಾನೂ ತಮ್ಮನೂ ವಾಸ್ಡೇಲ್ ತುದೀಲಿ ಸೈಕಲ್ ಗೋಡೆಗೆ ಒರಗಿಸಿ ಬುತ್ತಿ ಬಿಚ್ಚಿದ್ವಿ, ಬೆಟ್ಟದ ಮೇಲೆ ಸೀಥ್ವೇಟ್ ಕಡೆಯಿಂದ ಕಾಲುದಾರೀಲಿ ಇಬ್ರು ಇಳಿದು ಬರ್ತಾ ಇದ್ರು, ಚುಕ್ಕಿ ಥರ. ಅವರು ಕೆಳಗೆ ಬಂದು ಮುಟ್ಟೋ ತನಕ ಕೂತಿದ್ದು, ಆಮೇಲೆ ಬಂದ ದಾರೀಲೇ ಹೊರಟ್ವಿ, ಹೋಗೋವಾಗ ಬೆನ್ನಿಗಿದ್ದ ಬಿಸಿಲು ಈಗ ಮುಖಕ್ಕೆ ಬೀಳ್ತಾ ಇತ್ತು.